ಮೂರನೇ ಪಂಪಿನ ವಿಭೂತಿ

...ಅಥವಾ ನಮ್ಮ ತಗಡುಗಳು ಕೆಂಪು ಬಣ್ಣದವೇ ಆಗಿರಲಿಲ್ಲವೇನೋ. ಹಳದಿಯ ಮೇಲೆ ಕಪ್ಪು ಅಕ್ಷರ ಬರೆದಿದ್ದಿರಬಹುದು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರ ಮೇನ್ ಸ್ವಿಚ್ಚಿಗೆ ನೇತುಹಾಕಿದ್ದ ಕೆಂಪು ತಗಡನ್ನು ನೋಡಿದ ಮೇಲೆ ನನ್ನ ನೆನಪಿನೊಳಗಿನ ತಗಡುಗಳೆಲ್ಲ ಕೆಂಪಾಗಿಬಿಟ್ಟಿವೆ. ಅದಕ್ಕೆ ಮೊದಲು ಯಾವ ಬಣ್ಣದವಿದ್ದವು ಎಂದು ಕೇಳಿಕೊಂಡರೆ ಈಗ ಉತ್ತರ ಸಿಗುವುದಿಲ್ಲ. ಮುಂದೆ ಬರೆಯುವುದನ್ನೂ ನೀವು ಇಷ್ಟರಮಟ್ಟಿಗೇ ನಂಬಬೇಕು.

ನಾನು ಪಾಠ ಮಾಡುವ ಐಟಿಐನ ನೀರಿನ ಮೋಟಾರು ಸುಟ್ಟಿತ್ತು. ಅದನ್ನು ಕಟ್ಟಿಸಲು ಹೋಗಿದ್ದೆ. ಅಂಗಡಿಯ ತುಂಬ ಬಿಸಿ ವಾರ್ನಿಷ್ಷಿನ ವಾಸನೆ. ಮೆಕ್ಯಾನಿಕ್ ಸಾಬರು ಕಾಲು ಚಾಚಿ ಕೂತು ಸ್ಟೇಟರಿನೊಳಗೆ ತಾಮ್ರದ ತಂತಿ ತುಂಬುತ್ತಿದ್ದರು. ಸ್ವಿಚ್ಚಿಗೆ ಆ ತಗಡು ಯಾಕೆ ಎಂದು ಕೇಳಿದೆ. ಯಾಕೆಂದು ನನಗೆ ಗೊತ್ತಿತ್ತು. ಆದರೂ ಕೇಳಿದೆ.

"ಅದು ನಂದ್ರಿ ಮೇಡಂ. ನಾ ಮೋಟಾರಿಗೆ ಕೈ ಹಾಕಿದೆ ಅಂದ್ರ ಅದು ಅಲ್ಲಿರಬೇಕು. ನಾನಽ ಹಾಕಬೇಕು, ನಾನಽ ತೆಗೀಬೇಕು. ಮನ್ಯಾಗಿನಾಕಿ ಸೈತ ಮುಟ್ಟಂಗಿಲ್ಲ."

"ಯಾರು ಹೇಳಿಕೊಟ್ರು?"

"ಕೊಟ್ಟೂರಿನ ನೇವಿ ಸಾಹೇಬ್ರು. ಅವ್ರು ಹೇಳಿದ ಮ್ಯಾಲ ಈ ಓಣ್ಯಾಗ ಒಬ್ಬಂಗೂ ಕರೆಂಟ್ ಹೊಡದಿಲ್ಲ ನೋಡ್ರಿ." ತಂತಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದರು. "ಹೋದ ವಾರ ತೀರಿಕೊಂಡ್ರಲ್ಲ, ಪಾಪ. ನಿಮಗ ಗೊತ್ತಾಗಿಲ್ಲೇನು?"

ಗೊತ್ತಾಗಿರಲಿಲ್ಲ.

"ಪರಿಚಯ ಇತ್ತೇನ್ರಿ?"

"ಒಂದಽ ಕಡೆ ಕೆಲಸ ಮಾಡಿದ್ವಿ."

"ಅಂಥವರ ಕೈಕೆಳಗೇನ್ರಿ? ಪುಣ್ಯಾ ಮಾಡಿದ್ರಿ ಬಿಡ್ರಿ."

ಹೊರಗೆ ಬಂದು ಹೋಟೆಲ್ಲಿನ ಕಟ್ಟೆಯ ಮೇಲೆ ಕೂತೆ. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಡಬೇಕೆಂದು ಇಟ್ಟುಕೊಂಡಿದ್ದ ಜಗಳವೊಂದರ ಎದುರಾಳಿ ಹೇಳದೆ ಕೇಳದೆ ಎದ್ದುಹೋದಂತಾಯಿತು.

ಅವರ ಹೆಸರನ್ನು ನಾನು ಎಂದೂ ಬಾಯಲ್ಲಿ ಆಡಿದವಳಲ್ಲ. ಯಾರ್ಡಿನಲ್ಲಿ ಎಲ್ಲರಿಗೂ ಅವರು ಫೋರ್‌ಮನ್ ಸಾಹೇಬರು. ನನಗೆ ಎದುರಿಗೆ ಸರ್. ಇಲ್ಲಿಯೂ ಹಾಗೆಯೇ ಇರಲಿ. ಯಾರ್ಡ್ ಎಂದರೆ ನೌಕಾಪಡೆಯ ಹಡಗುಗಳನ್ನು ರಿಪೇರಿ ಮಾಡುವ ಡಾಕ್‌ಯಾರ್ಡ್. ಅದು ಯಾವ ಊರಿನದೆಂದು ಬರೆಯುವುದಿಲ್ಲ. ನಮ್ಮ ವಿಭಾಗ ಹಡಗುಗಳನ್ನು ಮುಟ್ಟುತ್ತಿರಲಿಲ್ಲ. ಹಡಗು ರಿಪೇರಿಯವರು ಬಳಸುವ ಕ್ರೇನು, ಕಂಪ್ರೆಸರು, ಪಂಪು, ಜನರೇಟರುಗಳನ್ನು ಸುಸ್ಥಿತಿಯಲ್ಲಿ ಇಡುವುದು ನಮ್ಮ ಕೆಲಸ. ಹಡಗು ಸಮುದ್ರಕ್ಕೆ ಮರಳಿದಾಗ ಬ್ಯಾಂಡು ಬಾರಿಸುತ್ತಿದ್ದರು, ಅಧಿಕಾರಿಗಳು ಕೈ ಕುಲುಕುತ್ತಿದ್ದರು. ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಕ್ರೇನು ನಿಂತುಹೋದಾಗ ಮಾತ್ರ ಕರೆಯುತ್ತಿದ್ದರು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಫೋರ್‌ಮನ್ನರ ಕೈಕೆಳಗಿನ ಮೇಲ್ವಿಚಾರಕಿಯಾಗಿ, ಅಂದರೆ ಚಾರ್ಜ್‌ಮನ್ ಆಗಿ ಸೇರಿದೆ. ಹೆಣ್ಣು ಬಂದರೂ ಆ ಹುದ್ದೆಯ ಹೆಸರು ಚಾರ್ಜ್‌ಮನ್ನೇ. ಮೊದಲ ದಿನ ಅವರು ನನ್ನ ಕಾಗದಗಳನ್ನು ನೋಡುತ್ತ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಊರಿನ ಹೆಸರಿಗೆ ಬಂದಾಗ ಕನ್ನಡಕ ತೆಗೆದರು.

"ಹೂವಿನ ಹಡಗಲಿ?"

"ಹೌದ್ರಿ ಸರ್."

"ಎಲಾ ಇಕಿನಾ! ನಾ ಕೊಟ್ಟೂರಾಂವ. ಕೆರಿ ಬಿಟ್ರ ಬ್ಯಾರೆ ನೀರು ಕಂಡಾಂವಲ್ಲ. ನಿಮ್ಮೂರ ಹೆಸರಿನಾಗರ ಹಡಗು ಐತಿ, ನೀ ಪರವಾಗಿಲ್ಲ ಬಿಡವಾ."

ಆ ಯಾರ್ಡಿನಲ್ಲಿ ತೆಲುಗು, ಮಲಯಾಳ, ಹಿಂದಿ ಎಲ್ಲ ಕೇಳುತ್ತಿತ್ತು. ಐತಿ, ಹೋಗ್ಯಾನ, ಬಂದಾಳ ಎನ್ನುವವರು ನಾವಿಬ್ಬರೇ. ಉಳಿದವರಿಗೆ ಅರ್ಥವಾಗದ ಮಾತಿನಲ್ಲಿ ಅವರು ನನಗೆ ಕೆಲಸ ಕಲಿಸಿದರು. ಅದೇ ಮಾತಿನಲ್ಲಿ ಬೈದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಒಂದೊಂದೇ ಯಂತ್ರದ ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಈ ಹೋಲಿಕೆ ನನ್ನದಲ್ಲ. ಅವರು ತೀರಿಕೊಂಡ ಮೇಲೆ ಯಾರೋ ಹೇಳಿದ್ದು, ನನ್ನ ನೆನಪಿನೊಳಗೆ ಸೇರಿಕೊಂಡಿದೆ. ನಾನು ನಿಜಕ್ಕೂ ಕಂಡದ್ದು ಅಂಗೈ ಇಟ್ಟು, ಮೂಗಿನ ಹತ್ತಿರ ತಂದು ಮೂಸಿ, ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ ಮನುಷ್ಯನನ್ನು.

"ಕೆಟ್ಟ ಮ್ಯಾಲ ಓಡಿ ಬರಾಕ ಡಾಕ್ಟ್ರು ಅದಾರ," ಅನ್ನುತ್ತಿದ್ದರು. "ನಾವು ಸಂಸಾರಸ್ಥರು. ಕೆಡೋಕಿಂತ ಮೊದ್ಲಽ ಗೊತ್ತಾಗಬೇಕು."

ಇಡೀ ವಿಭಾಗದಲ್ಲಿ ಅವರು ಒಂದು ಪದ್ಧತಿಯನ್ನು ಬೇರೂರಿಸಿದ್ದರು. ಪ್ರತಿಯೊಬ್ಬ ಕೆಲಸಗಾರನಿಗೂ ಅವನದೇ ಒಂದು ತಗಡು. ಯಂತ್ರದೊಳಗೆ ಕೈ ಹಾಕುವ ಮೊದಲು ಅದರ ಕರೆಂಟು ಕಡಿದು, ಸ್ವಿಚ್ಚಿನ ಹಿಡಿಕೆಗೆ ತನ್ನ ತಗಡು ನೇತುಹಾಕಬೇಕು. ಹಾಕಿದವನೇ ತೆಗೆಯಬೇಕು. ಇಂಥ ಪದ್ಧತಿ ಬೇರೆಡೆಯೂ ಇದೆ, ಬೀಗವನ್ನೂ ಹಾಕುತ್ತಾರೆ. ಅವರ ವಿಭಾಗದಲ್ಲಿ ಬೀಗವಿರಲಿಲ್ಲ. ತಗಡಿನ ಮಾತೇ ಮಾತು.

"ಹಾಕಿದಾಂವನಽ ತೆಗೀಬೇಕು. ಅವ ಸತ್ತಿದ್ರ ಅವನ ಹೆಣ ಬಂದು ತೆಗೀಬೇಕು."

ಒಮ್ಮೆ ಫಿಟ್ಟರನೊಬ್ಬ ಕೆಲಸ ಮುಗಿಸಿ ತಗಡು ತೆಗೆಯುವುದನ್ನು ಮರೆತು ಮನೆಗೆ ಹೋಗಿಬಿಟ್ಟ. ಮಗಳ ನಿಶ್ಚಿತಾರ್ಥ. ಕ್ರೇನು ನಿಂತಿತ್ತು, ಕೆಳಗೆ ಹಡಗಿನವರು ಕಾಯುತ್ತಿದ್ದರು. ಸಮವಸ್ತ್ರದ ಅಧಿಕಾರಿಯೊಬ್ಬರು ಬಂದು ಸಿಟ್ಟಿನಿಂದ ತಗಡಿಗೆ ಕೈ ಚಾಚಿದಾಗ ನಮ್ಮ ಸಾಹೇಬರು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು. ಜೀಪು ಕಳಿಸಿ ಆ ಫಿಟ್ಟರನನ್ನು ಕರೆಸಿದರು. ಅವನು ರೇಷ್ಮೆ ಪಂಚೆಯಲ್ಲೇ ಬಂದು, ತಗಡು ತೆಗೆದು, ಎಲ್ಲರಿಗೂ ನಮಸ್ಕಾರ ಮಾಡಿ ಹೋದ. ನಾವು ನಕ್ಕೆವು. ಸಾಹೇಬರು ನಗಲಿಲ್ಲ. ನನ್ನ ಕಡೆ ತಿರುಗಿ, "ನೋಡಿದ್ಯಾ? ನಾಳೆ ನಾ ಹೋದ ಮ್ಯಾಲ ಹಿಂಗ ಬೆನ್ನು ಕೊಟ್ಟು ನಿಂದ್ರಾಕಿ ನೀನು. ಪಂಪ್‌ಹೌಸಿನಿಂದ ಸುರು. ಮುಂದಿನ ವರ್ಷ ಅದು ನಿನ್ನ ಕೈಗೆ," ಎಂದರು.

ಅದು ಸಣ್ಣ ಮಾತಾಗಿರಲಿಲ್ಲ. ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರೆಲ್ಲ ಖಾಲಿ ಮಾಡಿ ತಳ ನೋಡುವ ದೊಡ್ಡ ಕಟ್ಟೆಗೆ ಡ್ರೈ ಡಾಕ್ ಎನ್ನುತ್ತಾರೆ. ಆ ನೀರನ್ನು ಎತ್ತುವ ಪಂಪ್‌ಹೌಸ್ ಯಾರ್ಡಿನ ಹೃದಯ. ಹೆಂಗಸೊಬ್ಬಳಿಗೆ ಅದರ ಹೊಣೆ ಅಲ್ಲಿಯವರೆಗೆ ಬಂದಿರಲಿಲ್ಲ. ಊರಿನಲ್ಲಿ ಅವ್ವನಿಗೆ ಫೋನು ಮಾಡಿ ಹೇಳಿದ್ದೆ. ಅವಳಿಗೆ ಪಂಪ್‌ಹೌಸ್ ಎಂದರೆ ಹೊಲದ ಮೂಲೆಯ ಶೆಡ್ಡು. "ಅದಕ್ಯಾಕ ಅಷ್ಟು ದೂರ ಹೋಗಬೇಕಿತ್ತು?" ಎಂದಿದ್ದಳು.

ಆಯುಧಪೂಜೆಯ ದಿನದ ಬಗ್ಗೆ ಈಗ ಬರೆಯಬೇಕು... ಇಲ್ಲಿಯೇ ನನ್ನ ಕೈ ನಿಲ್ಲುತ್ತದೆ. ಹೇಗೆ ಬರೆದರೂ ಅದು ನನ್ನ ಪರವಾದ ಸಾಕ್ಷಿಯಂತೆ ಕಾಣುತ್ತದೆ.

ಪಂಪ್‌ಹೌಸಿನಲ್ಲಿ ಮೇಲೆ ಒಂದು ಅಂತಸ್ತು, ಕೆಳಗೆ ಆಳವಾದ ಗುಂಡಿ. ಮೇಲೆ ಸ್ವಿಚ್ಚಿನ ಪೆಟ್ಟಿಗೆಗಳು, ಕೆಳಗೆ ಮೂರು ಪಂಪು. ಮೂರನೆಯದು ರಿಪೇರಿಯಲ್ಲಿತ್ತು. ಮರುದಿನ ಹಡಗೊಂದು ಒಳಗೆ ಬರಬೇಕಿತ್ತು, ಆದ್ದರಿಂದ ಹಬ್ಬದ ದಿನವೂ ಕೆಲಸ ನಿಲ್ಲುವಂತಿರಲಿಲ್ಲ. ಹಿರಿಯ ಫಿಟ್ಟರೊಬ್ಬರು, ಅವರು ಕ್ರೈಸ್ತರು, ಪೂಜೆ ನಿಮಗಿರಲಿ ಕೆಲಸ ನನಗಿರಲಿ ಎಂದು ನಗುತ್ತ, ಮೂರನೇ ಪಂಪಿನ ಸ್ವಿಚ್ಚಿಗೆ ತಮ್ಮ ತಗಡು ಹಾಕಿ ಗುಂಡಿಗೆ ಇಳಿದಿದ್ದರು. ಮೋಟಾರನ್ನೂ ಪಂಪನ್ನೂ ಕೂಡಿಸುವ ಕಪ್ಲಿಂಗನ್ನು ಕೈಯಿಂದ ತಿರುಗಿಸಿ ಸಮ ಮಾಡುತ್ತಿದ್ದರು.

ಮೇಲೆ ನಾವು ಪೂಜೆಗೆ ಸಿದ್ಧ ಮಾಡುತ್ತಿದ್ದೆವು. ಸಾಹೇಬರು ಬೆಳಿಗ್ಗೆಯೇ ಕೆಲಸ ಹಂಚಿದ್ದರು. ಒಬ್ಬನಿಗೆ ಬಾಳೆಕಂದು, ಒಬ್ಬನಿಗೆ ಬೂದುಗುಂಬಳ.

"ಹೂವು ನಿಂದು," ಎಂದರು ನನಗೆ.

"ನಾನು ಚಾರ್ಜ್‌ಮನ್ ಅದೀನ್ರಿ ಸರ್, ಹೂವಾಡಗಿತ್ತಿ ಅಲ್ಲ."

"ಹೂವಿನ ಹಡಗಲಿಯಾಕಿಗೆ ಹೂವು ಹೇಳದೆ ಬೂದುಗುಂಬಳ ಹೇಳ್ಲೇನು?"

ಎಲ್ಲರೂ ನಕ್ಕರು. ಯಾಕೆ ನಗು ಎಂದು ಉಳಿದವರಿಗೆ ಅವರೇ ಹಿಂದಿಯಲ್ಲಿ ಬಿಡಿಸಿ ಹೇಳಿದರು; ಅವರೂ ನಕ್ಕರು. ನಾನೂ ನಕ್ಕೆ. ಚೆಂಡುಹೂವಿನ ಸರಗಳನ್ನು ಹೆಗಲ ಮೇಲೆ ಹಾಕಿಕೊಂಡು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋದೆ.

ಉಳಿದವರೆಲ್ಲ ಯಂತ್ರಗಳಿಗೆ ಗಂಧ ಕುಂಕುಮ ಹಚ್ಚುತ್ತಿದ್ದರು. ನಮ್ಮ ಕಡೆ ಹಾಗಲ್ಲ. ತಕ್ಕಡಿಯಾಗಲಿ ಟ್ರ್ಯಾಕ್ಟರಾಗಲಿ ಮೂರು ಬೆರಳಿನ ವಿಭೂತಿ ಬೀಳಬೇಕು. ಅದಕ್ಕೆ ಮೈ ಬರಿದಾಗಿರಬೇಕು. ಒರೆಸಿ, ಮೇಲಿದ್ದುದನ್ನೆಲ್ಲ ತೆಗೆದು, ಆಮೇಲೆ ಒದ್ದೆ ಬೆರಳಿನಿಂದ ಈ ಅಂಚಿನಿಂದ ಆ ಅಂಚಿನವರೆಗೆ ಎಳೆಯಬೇಕು. ನಡುವೆ ಕಡಿಯಬಾರದು. ಆ ಪಂಪ್‌ಹೌಸಿನಲ್ಲಿ ಹೀಗೆ ವಿಭೂತಿ ಎಳೆಯುವವರು ಇಬ್ಬರೇ ಇದ್ದೆವು.

ಮಂಗಳಾರತಿಯಾಯಿತು. ಕಾಯಿ ಒಡೆದರು. ಪೂಜೆಯಾದ ಯಂತ್ರ ಸುಮ್ಮನೆ ನಿಲ್ಲಬಾರದು, ಒಂದು ಗಳಿಗೆಯಾದರೂ ತಿರುಗಬೇಕು ಎಂಬುದು ರೂಢಿ. ಸ್ಟಾರ್ಟ್ ಬಟನ್ ಒತ್ತುವ ಮರ್ಯಾದೆ ಯಾವಾಗಲೂ ಹಿರಿಯರದು. ಸಾಹೇಬರು ಮೊದಲನೆಯದಕ್ಕೆ ಕರೆಂಟು ಕೊಟ್ಟು ಒತ್ತಿದರು, ಚಪ್ಪಾಳೆ. ಎರಡನೆಯದು, ಚಪ್ಪಾಳೆ. ಮೂರನೆಯದರ ಹಿಡಿಕೆಯ ಮೇಲೆ ಹೂವಿನ ಸರವಿತ್ತು, ಪೆಟ್ಟಿಗೆಯ ಬಾಗಿಲ ಮೇಲೆ ವಿಭೂತಿಯ ಮೂರು ಎಳೆ ಈ ಅಂಚಿನಿಂದ ಆ ಅಂಚಿಗೆ ಹರಿದಿತ್ತು. ತಗಡು ಇರಲಿಲ್ಲ; ರಿಪೇರಿ ಮುಗಿದಿದೆ ಎಂದುಕೊಂಡೆವು. ತಗಡು ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಅನುಮಾನ ಬೇಡ ಎಂದು ನಮಗೆಲ್ಲ ಕಲಿಸಿದವರೇ ಅವರು. ಗುಂಡಿಯೊಳಗೆ ಬಗ್ಗಿ ನೋಡಲಿಲ್ಲ. ನಾವೂ ನೋಡಲಿಲ್ಲ. ಪ್ರಸಾದದ ಸಾಲಿನಲ್ಲಿ ಒಬ್ಬರು ಕಡಿಮೆ ಇದ್ದಾರೆ ಎಂದು ಯಾರಿಗೂ ಹೊಳೆಯಲಿಲ್ಲ. ಫಿಟ್ಟರರು ಆ ಸಾಲಿನಲ್ಲಿ ಎಂದೂ ನಿಲ್ಲುತ್ತಿರಲಿಲ್ಲ.

ಕೂಗು ಕೇಳಿತೋ, ಮೊದಲು ಮೋಟಾರಿನ ಸದ್ದು ಬದಲಾಯಿತೋ... ಗೊತ್ತಿಲ್ಲ. ಫಿಟ್ಟರರ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಜೀವ ಉಳಿಯಿತು.

ಆ ತಗಡು ಆಮೇಲೆ ಕಿಟಕಿಯ ಕಟ್ಟೆಯ ಮೇಲೆ, ಕುಂಕುಮದ ತಟ್ಟೆಯ ಪಕ್ಕದಲ್ಲಿ ಸಿಕ್ಕಿತು. ಹುಷಾರಾಗಿ ಇಟ್ಟಂತೆ ಇತ್ತು. ಪೂಜೆ ಮುಗಿದ ಕೂಡಲೇ ಮತ್ತೆ ಹಾಕೋಣ ಎಂದುಕೊಂಡವರು ಇಡುವ ಹಾಗೆ.

ವಿಚಾರಣೆಗೆ ಬಂದವರು ಹೊರಗಿನ ಅಧಿಕಾರಿಗಳು. ಅವರು ಕೇಳಿದ್ದೆಲ್ಲ ಹೂವಿನ ಬಗ್ಗೆ. ಸ್ವಿಚ್ಚಿನ ಹಿಡಿಕೆಗೆ ಹೂವು ಕಟ್ಟಿದ್ದು ಯಾರು? ನಾನು. ಆಗ ತಗಡು ಇತ್ತೇ? ಇತ್ತು. ಮುಟ್ಟಿದಿರಾ? ಇಲ್ಲ, ಅದರ ಮೇಲೆಯೇ ಸರ ಹಾಕಿದೆ. ಹಾಗಾದರೆ ತೆಗೆದವರು ಯಾರು? ನನಗೆ ಗೊತ್ತಿಲ್ಲ. ಬಾಗಿಲ ಮೇಲಿನ ಬೂದಿಯ ಗೆರೆಗಳು ಅವರಿಗೆ ಅಲಂಕಾರದ ಭಾಗ ಅಷ್ಟೆ. ಬಾಗಿಲ ಮೇಲೆ ತಗಡು ನೇತಾಡುತ್ತಿದ್ದರೆ ಆ ಗೆರೆ ಅಖಂಡವಾಗಿ ಬರಲು ಸಾಧ್ಯವಿಲ್ಲ, ಎಳೆದವರೇ ತೆಗೆದವರು ಎಂಬುದು ಅವರಿಗೆ ಹೊಳೆಯುವ ಮಾತಲ್ಲ. ಹೊಳೆಯಬಹುದಾದವರು ಇಬ್ಬರು. ಸಾಹೇಬರು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಯಾರು ತೆಗೆದದ್ದೆಂದು ನೀವು ನೋಡಿದಿರಾ ಎಂದು ಅವರನ್ನು ಕೇಳಿದರು. "ನೋಡಲಿಲ್ಲ," ಎಂದರು. ಅಷ್ಟೇ. ವಿಭೂತಿಯ ಸುದ್ದಿ ಎತ್ತಲಿಲ್ಲ. ಅವರೇ ಹೇಳಲಿ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದರು.

ಯಾಕೆಂದರೆ ನನಗೆ ಸ್ಪಷ್ಟವಾಗಿ ನೆನಪಿತ್ತು. ಸ್ಪಷ್ಟವಾಗಿ ಎಂಬ ಪದವನ್ನು ಆಗ ನಾನು ಧೈರ್ಯವಾಗಿ ಬಳಸುತ್ತಿದ್ದೆ. ನಾನು ಹೂವು ಹಾಕುವಾಗ ತಗಡು ಪೆಟ್ಟಿಗೆಗೆ ಬಡಿದು ಟಣ್ ಎಂದಿತ್ತು. ಆಮೇಲೆ ಅವರು ಹಿತ್ತಾಳೆ ಬಟ್ಟಲು ಹಿಡಿದು ಬಂದರು, ಕರವಸ್ತ್ರದಿಂದ ಬಾಗಿಲು ಒರೆಸಿದರು, ಮೂರು ಬೆರಳು ಅದ್ದಿದರು.

ಪೂಜೆಗೆ ಮೊದಲು ಯಾರೋ ಮೊಬೈಲಿನಲ್ಲಿ ತೆಗೆದ ಒಂದು ಗುಂಪು ಫೋಟೊ ಇದೆ. ಎಲ್ಲರೂ ನಗುತ್ತಿದ್ದಾರೆ. ಮೂರನೇ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಸಾಹೇಬರ ತಲೆ ಇದೆ.

ನನ್ನ ಮೇಲೆ ಅಪರಾಧ ಸಾಬೀತಾಯಿತು ಎಂದು ಯಾರೂ ಹೇಳಲಿಲ್ಲ. ಹೂವಿನ ಹೊಣೆ ಹೊತ್ತವರ ಅಜಾಗರೂಕತೆ ಎಂದರು. ಪಂಪ್‌ಹೌಸ್ ಬೇರೆಯವರಿಗೆ ಹೋಯಿತು. ನನ್ನನ್ನು ಸ್ಟೋರ್ಸಿಗೆ ಹಾಕಿದರು. ಅಲ್ಲಿ ಬೇರಿಂಗುಗಳು ಎಣ್ಣೆಕಾಗದದಲ್ಲಿ ಸುತ್ತಿಕೊಂಡು ರ್‍ಯಾಕಿನ ಮೇಲೆ ಮಲಗಿರುತ್ತಿದ್ದವು. ನಾನು ಅವುಗಳನ್ನು ಕೊಡುತ್ತಿದ್ದೆ, ತಿರುಗಿಸುವವರು ಬೇರೆ. ಸಾಹೇಬರು ಬೆಳಗಿನ ಸುತ್ತಿನಲ್ಲಿ ಸ್ಟೋರ್ಸಿನ ಮುಂದೆ ಹಾಯುವಾಗ ಆಚೆ ನೋಡುತ್ತಿದ್ದರು. ಮಾತಾಡಿದರೆ ಹಿಂದಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ನಮ್ಮ ಮಾತು ಮತ್ತೆ ಅವರ ಬಾಯಿಂದ ನನ್ನ ಕಡೆ ಬರಲಿಲ್ಲ. ಯಾವ ಶಿಕ್ಷೆಗಿಂತಲೂ ಇದು ನನ್ನನ್ನು ಸುಟ್ಟಿತು. ತನ್ನನ್ನು ಉಳಿಸಿಕೊಂಡ ಮನುಷ್ಯ ಉಳಿಸಿಕೊಂಡದ್ದು ಗೊತ್ತಿರುವವಳ ಮುಖ ನೋಡಲಾರ ಎಂದುಕೊಂಡೆ. ಹಾಗೆಯೇ ವರ್ಷಗಳ ಕಾಲ ಅಂದುಕೊಂಡೆ.

ಅವರು ನಿವೃತ್ತರಾಗಿ ಕೊಟ್ಟೂರಿಗೆ ಹೋದರು. ನಾನು ಸ್ಟೋರ್ಸಿನಲ್ಲಿ ಸಾಕಾಗಿ, ಕೆಲಸ ಬಿಟ್ಟು ಹರಪನಹಳ್ಳಿಯ ಈ ಐಟಿಐಗೆ ಬಂದೆ. ಬಂದ ಮೇಲೆ ಎಲ್ಲಿ ಹೋದರೂ ಅವರ ಸುದ್ದಿ. ಮೆಕ್ಕೆಜೋಳ ಒಣಗಿಸುವ ಯಾರ್ಡಿನಲ್ಲಿ ಕೇಳಿದರೆ ನೇವಿ ಸಾಹೇಬ್ರು ಬಂದಿದ್ದರು ಎನ್ನುತ್ತಿದ್ದರು. ಕೂಡ್ಲಿಗಿಯ ಬೋರ್‌ವೆಲ್ ಮಂದಿಗೆ ಅವರು ಪಾಠ ಮಾಡಿದ್ದರಂತೆ. ಹಗರಿಬೊಮ್ಮನಹಳ್ಳಿಯ ಹಿಟ್ಟಿನ ಗಿರಣಿಯಲ್ಲೂ ತಗಡು ನೇತಾಡುತ್ತಿತ್ತು. ತಗಡು ಹೊತ್ತುಕೊಂಡು ಊರೂರು ತಿರುಗುತ್ತಿದ್ದ ಆ ಮುದುಕ ನನಗೆ ಆಷಾಢಭೂತಿಯಾಗಿ ಕಂಡ. ಕೊನೆಗೆ ಒಂದು ಭಾನುವಾರ ಕೊಟ್ಟೂರಿನ ಬಸ್ಸು ಹತ್ತಿದೆ.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಣೆಯ ತುಂಬ ವಿಭೂತಿ. ನನ್ನನ್ನು ಗುರುತಿಸಲು ಕನ್ನಡಕ ಹಾಕಿಕೊಂಡರು.

"ಓಹೋ, ಚಾರ್ಜ್‌ಮನ್ನು! ಬಾರವಾ. ಬರಾಕ ಇಷ್ಟು ವರ್ಷ ಬೇಕಾತೇನು? ಹರಪನಹಳ್ಳಿ ಏನು ಸಮುದ್ರದ ಆಚಿ ಐತಿ?"

ಅದೇ ಮಾತು. ಕಣ್ಣಲ್ಲಿ ನೀರು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಕೂಡಲೇ ಕೇಳಿಬಿಟ್ಟೆ.

"ಮೂರನೇ ಪಂಪಿಗೆ ವಿಭೂತಿ ಹಚ್ಚಿದಾವ್ರು ನೀವು. ಒಂದು ಮಾತು ಯಾಕ ಹೇಳಲಿಲ್ಲ?"

ಅವರು ತಲೆ ತಗ್ಗಿಸಿ ಕನ್ನಡಕ ತೆಗೆದರು. ನಾಚಿಕೆಯಿಂದ ಎಂದುಕೊಂಡೆ. ಮುಖ ನೋಡಿದರೆ ಅಲ್ಲಿ ನಾಚಿಕೆ ಇರಲಿಲ್ಲ.

"ನಾನು?" ಎಂದರು. "ನಾನು ಹಚ್ಚೀನಿ ಅಂತೀಯಾ?"

"ನಾ ನೋಡೀನ್ರಿ."

"ಏ ಹುಚ್ಚಿ. ಮೊದಲನೇದಕ್ಕ ನಾ ಹಚ್ಚಿದೆ. ಅಷ್ಟರಾಗ ಗೇಟಿನಾಗ ಯಾರೋ ಕರದ್ರು. ಉಳಿದದ್ದು ನೀ ಹಚ್ಚವಾ ಅಂತ ಬಟ್ಟಲಾ ನಿನ್ನ ಕೈಗೆ ಕೊಟ್ಟು ಹ್ವಾದೆ. ಹೂವಿನ ಸರ ಹೆಗಲ ಮ್ಯಾಗ ಹಾಕ್ಕೊಂಡು, ಬಟ್ಟಲಾ ಹಿಡಕೊಂಡು ನಿಂತಿದ್ದಿ. ನನ್ನ ಕಣ್ಣಾಗ ಕಟ್ಟಿದಂಗ ಐತಿ."

"ಇಲ್ರಿ. ನನ್ನ ಕೈಗೆ ಯಾರೂ ಬಟ್ಟಲಾ ಕೊಟ್ಟಿಲ್ಲ."

"ವಿಚಾರಣಿಯೊಳಗ ನಾ ಯಾಕ ಬಾಯಿ ಮುಚ್ಚಿಕೊಂಡು ಕುಂತಿದ್ದೆ ಅಂತ ತಿಳದಿ? ವಿಭೂತಿ ಮಾತು ಒಂದು ಎತ್ತಿದ್ರ ನಿನ್ನ ಅವತ್ತಽ ಮನಿಗೆ ಕಳಿಸ್ತಿದ್ರು. ನೋಡಲಿಲ್ಲ ಅಂದೆ. ಬಟನ್ ಒತ್ತಿದಾಂವ ನಾನು, ನೋಡದಽ ಒತ್ಯಾನ ಅಂತ ನನ್ನ ಬಡ್ತಿ ತಡದ್ರು. ತಡೀಲಿ ಅಂದೆ. ಸ್ಟೋರ್ಸಿನ ಮುಂದ ಹಾಯ್ದಾಗೆಲ್ಲ ನೀ ನನ್ನ ನುಂಗುವಂಗ ನೋಡ್ತಿದ್ದಿ. ಮಾಡಿದ್ದು ತಾನು, ನೋಡೋದು ಹಿಂಗ ಅಂತ ನನಗೂ ಹೊಟ್ಟಿ ಉರೀತಿತ್ತು." ಕುರ್ಚಿಯಲ್ಲಿ ಮುಂದೆ ಬಾಗಿ, "ಒಂದಿನ ಬಂದು ಉಳಿಸಿದ್ರಿ ಸರ್ ಅಂತೀ ಅಂತ ಹಾದಿ ಕಾದೆ. ಬಂದು ಹಿಂಗ ಕೇಳಾಕತ್ತೀಯಲ್ಲ," ಎಂದರು.

ಅವರು ಸುಳ್ಳು ಹೇಳುತ್ತಿದ್ದರೆ ಎಷ್ಟು ಸುಲಭವಾಗುತ್ತಿತ್ತು. ನಾನು ಅವರ ತುಟಿ, ಬೆರಳು, ಕಣ್ಣುಗಳನ್ನೆಲ್ಲ ಹುಡುಕಿದೆ. ಸುಳ್ಳು ಸಿಗಲಿಲ್ಲ. ಅವರೂ ನನ್ನ ಮುಖದಲ್ಲಿ ಅದನ್ನೇ ಹುಡುಕುತ್ತಿದ್ದರು ಎಂದು ಈಗ ಅನಿಸುತ್ತದೆ.

ಅವರ ಹೆಂಡತಿ ಮಂಡಕ್ಕಿ, ಮಿರ್ಚಿ ತಂದು ಇಟ್ಟರು. "ಆರಿ ಹೊಕ್ಕಾವು, ತಿನ್ರಿ. ಬಂದಾಕಿಗೆ ನೀರು ಸೈತ ಕೊಡದಽ ಪಂಪು ಪಂಪು ಅಂತ ಹಚ್ಚೀರಿ." ಆಮೇಲೆ ಬಾಗಿಲಿಗೆ ಒರಗಿ ನಿಂತು ಕೇಳಿದರು: "ಆ ಕೈ ಹ್ವಾದ ಅಣ್ಣ ಈಗ ಎಲ್ಲಿ ಅದಾನ?"

ಸಾಹೇಬರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತು ಒಂದು ಕೈಯ ಬಗ್ಗೆ ಜಗಳವಾಡಿದ್ದೆವು. ಆ ಕೈ ಯಾರದಿತ್ತೋ ಆ ಮನುಷ್ಯ ನಮ್ಮ ಮಾತಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ನಾನು ಮಿರ್ಚಿ ಮುಟ್ಟದೆ ಎದ್ದು ಬಂದೆ. ಬಸ್‌ಸ್ಟ್ಯಾಂಡಿನವರೆಗೂ ಅವರು ಹಿಂದಿನಿಂದ ಕೂಗಿ ಕರೆಯಬಹುದೆಂದು ಕಾದೆ. ಅದು ಹುಚ್ಚು, ಅಷ್ಟು ದೂರ ಕೂಗು ಕೇಳಿಸುವುದಿಲ್ಲ. ಮತ್ತೆ ನಾನು ಹೋಗಲಿಲ್ಲ. ಹೋಗಬೇಕು, ಇನ್ನೊಮ್ಮೆ ಮೊದಲಿನಿಂದ ಕೇಳಬೇಕು ಎಂದು ಮಾತ್ರ ಆಗಾಗ ಅಂದುಕೊಳ್ಳುತ್ತಿದ್ದೆ. ಅವರು ಎಲ್ಲಿಯೂ ಹೋಗುವವರಲ್ಲ ಎಂಬಂತೆ.

ಸತ್ತ ಸುದ್ದಿ ಕೇಳಿದ ಮೇಲೆ ಶಿವಗಣಾರಾಧನೆಗೆ ಹೋದೆ. ಪೆಂಡಾಲಿನ ತುಂಬ ಜನ. ಗಿರಣಿಯವರು, ರಿವೈಂಡಿಂಗಿನವರು, ಕಾನಹೊಸಹಳ್ಳಿಯ ಕಡೆಯ ಬೋರ್‌ವೆಲ್ ಮಂದಿ. ಒಬ್ಬೊಬ್ಬರೂ ಎದ್ದು ನಿಂತು ಅವರು ಉಳಿಸಿದ ಕೈ, ಉಳಿಸಿದ ಜೀವಗಳ ಮಾತಾಡಿದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನನ್ನನ್ನೂ ಮಾತಾಡಲು ಕರೆದರು. ಗಂಟಲು ಕಟ್ಟಿದೆ ಎಂದೆ. ಅವರು ಅದನ್ನು ದುಃಖ ಎಂದು ತಿಳಿದರು.

ಊಟದ ಹೊತ್ತಿನಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು.

"ಅವತ್ತು ನೀವಿಬ್ರೂ ಏನು ಮಾತಾಡಿದ್ರವಾ?"

"ಹಳೇ ಕೆಲಸದ ಮಾತ್ರೀ ಅಕ್ಕಾರೆ."

"ನೀ ಹ್ವಾದ ಮ್ಯಾಲ ಅವ್ರು ವಿಭೂತಿ ಹಚ್ಚಿಕೊಳ್ಳೋದು ಬಿಟ್ರು. ಪೂಜಿಗೆ ಕುಂದ್ರತಿದ್ರು, ಬಟ್ಟಲಾ ಮುಂದ ಇಟಗೊಂಡು ಅದನ್ನಽ ನೋಡ್ತಿದ್ರು, ಎದ್ದು ಬರ್ತಿದ್ರು. ಯಾಕ್ರೀ ಅಂದ್ರ, ನೋಡಾಕತ್ತೀನಿ ಬಿಡು ಅಂತಿದ್ರು. ಕಡೀಕ ನಾವಽ ಹಚ್ಚಿ ಕಳಿಸಿದ್ವಿ."

ಅವರು ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾದರು. ಹೊರಗಿನಿಂದ ಯಾರೋ ಹೋಳಿಗೆ ಸಾಲಲಿಲ್ಲ ಎಂದು ಕೂಗಿದರು, ಅವರು ಕೈ ಬಿಟ್ಟು ಎದ್ದು ಹೋದರು.

ಬಟ್ಟಲಿನಲ್ಲಿ ಅವರು ಏನು ನೋಡುತ್ತಿದ್ದರು? ತಮ್ಮದೇ ಬೆರಳುಗಳು ಎಂದು ಕೊನೆಗೆ ನೆನಪಾಯಿತೇ? ನನ್ನಂತೆಯೇ ಅವರಿಗೂ ಸಂಶಯ ಬಂತೇ? ಅಥವಾ ನನ್ನ ಮೇಲಿನ ಬೇಸರವೇ, ಮಾಡಿದ ಉಪಕಾರಕ್ಕೆ ಬಂದ ಪ್ರತಿಫಲವನ್ನು ನೆನೆದು?

ಅವರು ಇರುವವರೆಗೆ ಆ ದಿನಕ್ಕೆ ಎರಡು ನೆನಪುಗಳಿದ್ದವು. ಅವರದರ ಮೇಲೆ ಸಿಟ್ಟು ಮಾಡಿಕೊಂಡೇ ನಾನು ನನ್ನದನ್ನು ಗಟ್ಟಿಯಾಗಿ ಹಿಡಿದಿದ್ದೆ. ಈಗ ಅಲ್ಲಗಳೆಯುವವರಿಲ್ಲ, ನನ್ನದೇ ಸತ್ಯವೆಂದು ಉಳಿಯಬೇಕಿತ್ತು. ಉಳಿಯುತ್ತಿಲ್ಲ. ಆ ಬಾಗಿಲ ಮೇಲೆ ವಿಭೂತಿ ಎಳೆಯುವ ಕೈಯನ್ನು ನೆನೆಸಿಕೊಂಡರೆ ಈಚೆಗೆ ಬಳೆಯ ಸದ್ದು ಕೇಳುತ್ತದೆ. ನಾನು ಯಾರ್ಡಿನಲ್ಲಿ ಬಳೆ ಹಾಕುತ್ತಿರಲಿಲ್ಲ; ಯಂತ್ರದ ಹತ್ತಿರ ಬಳೆ ಉಂಗುರ ಕೂಡದೆಂದು ಅವರದೇ ಕಟ್ಟಪ್ಪಣೆ. ಹಬ್ಬದ ದಿನವೆಂದು ಅವತ್ತೊಂದು ದಿನ ಹಾಕಿದ್ದೆನೋ... ಹಾಕಿದ್ದಿರಬಹುದು. ಇಲ್ಲದಿರಬಹುದು. ಕೇಳಿದ್ದರೆ ಅವರು ಹೇಳುತ್ತಿದ್ದರು, ತಪ್ಪೋ ಸರಿಯೋ ಏನನ್ನಾದರೂ ಖಚಿತವಾಗಿ ಹೇಳುತ್ತಿದ್ದರು. ಆ ದಿನ ನನ್ನ ಕೈಗಳು ಎಲ್ಲಿದ್ದವೆಂದು ನೋಡಿದ ಇನ್ನೊಬ್ಬ ಮನುಷ್ಯ ಈಗ ಇಲ್ಲ.

ಆ ಫಿಟ್ಟರರ ವಿಳಾಸವನ್ನು ಹುಡುಕುತ್ತಿದ್ದೇನೆ. ಅವರು ಕೆಳಗಿದ್ದರು, ಮೇಲಿನದನ್ನು ಅವರು ಹೇಳಲಾರರು. ಮೂರನೇ ಪಂಪಿನ ಪೆಟ್ಟಿಗೆಯ ಬಾಗಿಲಿಗೆ ವಿಭೂತಿ ಎಳೆದವರು ಯಾರು ಎಂಬುದು ನನಗೆ ಗೊತ್ತಿಲ್ಲ.